ಡಬ್ಬದ ಎರಡನೆಯ ಬದುಕು: ಹೊಳಲ್ಕೆರೆ ಸೀಮೆಯ ತಗಡಿನ ಕೆಲಸ ಕುರಿತು ಕೆಲವು ವಿಚಾರಗಳು

ಕರ್ನಾಟಕದಲ್ಲಿ ಜನಪದ ವಸ್ತುಸಂಸ್ಕೃತಿಯ ಸಂಗ್ರಹ ಮತ್ತು ಅಧ್ಯಯನಕ್ಕೆ ಈಗ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಮೊದಲಾದವು ಈ ಇತಿಹಾಸದ ಮುಖ್ಯ ಘಟ್ಟಗಳು. ಮೈಸೂರಿನ ಸಂಗ್ರಹವನ್ನು ರೂಪಿಸಿದವರಲ್ಲಿ ಪ್ರಮುಖರಾದ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು ಎಂಬುದು ಈ ಪ್ರದೇಶದ ಅಭ್ಯಾಸಿಗಳಿಗೆ ಹೆಮ್ಮೆಯ ಸಂಗತಿ. ಇಂತಹವರ ಶ್ರಮದಿಂದ ಮರದ ಕೊಳಗ, ಹಿತ್ತಾಳೆಯ ದೀಪ, ತೊಗಲುಗೊಂಬೆ, ಬೆತ್ತದ ಬುಟ್ಟಿ, ಒನಕೆ, ಒರಳುಗಳು ಅಧ್ಯಯನದ ವಸ್ತುಗಳಾದವು. ಆದರೆ ಸುಮಾರು ನೂರು ವರ್ಷಗಳ ಕಾಲ ಹಳ್ಳಿಯ ಪ್ರತಿ ಮನೆಯಲ್ಲೂ ಇದ್ದ ಒಂದು ಬಗೆಯ ವಸ್ತುಗಳಿಗೆ ಈ ಗೌರವದಲ್ಲಿ ಸಮಪಾಲು ದೊರೆಯಲಿಲ್ಲ. ಅವು ಬಳಸಿ ಬರಿದಾದ ಡಬ್ಬಗಳಿಂದ ಮಾಡಿದ ತಗಡಿನ ವಸ್ತುಗಳು.

ಇದಕ್ಕೆ ಕಾರಣ ಊಹಿಸಲು ಕಷ್ಟವಲ್ಲ. ಡಬ್ಬ ಕಾರ್ಖಾನೆಯಲ್ಲಿ ಹುಟ್ಟಿದ್ದು; ಅದರ ಮೈಮೇಲೆ ಕಂಪನಿಯ ಮುದ್ರೆಯಿರುತ್ತದೆ; ಅದು ತುಕ್ಕು ಹಿಡಿಯುತ್ತದೆ. ಪರಂಪರೆ ಎಂಬ ಮಾತಿಗೆ ನಾವು ಕೊಟ್ಟುಕೊಂಡ ಅರ್ಥದಲ್ಲಿ ಇಂತಹ ವಸ್ತುವಿಗೆ ಸ್ಥಳವಿರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಹುಟ್ಟಿದ್ದು ಡಬ್ಬವೇ ಹೊರತು ಅದನ್ನು ಕತ್ತರಿಸಿ ಮಾಡಿದ ಬುಡ್ಡಿಯಲ್ಲ, ಜರಡಿಯಲ್ಲ, ಮಕ್ಕಳ ಗಾಡಿಯಲ್ಲ. ಡಬ್ಬದ ಮೊದಲ ಬದುಕು ವ್ಯಾಪಾರದ ಚರಿತ್ರೆಗೆ ಸೇರಿದ್ದು. ಎರಡನೆಯ ಬದುಕು ಜನಪದದ ಚರಿತ್ರೆಗೆ ಸೇರಿದ್ದು. ಹೊಳಲ್ಕೆರೆ ಮತ್ತು ಅದರ ಸುತ್ತಣ ಚಿತ್ರದುರ್ಗ, ಹೊಸದುರ್ಗ, ಹಿರಿಯೂರು ಸೀಮೆಯನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ಎರಡನೆಯ ಬದುಕನ್ನು ಗುರುತಿಸುವ ಪ್ರಯತ್ನವನ್ನು ಪ್ರಸ್ತುತ ಪ್ರಬಂಧದಲ್ಲಿ ಮಾಡಲಾಗಿದೆ.

ಹೆಸರುಗಳು ಹೇಳುವ ಚರಿತ್ರೆ

ವಸ್ತುವಿನ ಚರಿತ್ರೆಗೆ ಭಾಷೆಯೇ ಮೊದಲ ಆಕರ. ‘ತಗಡು’ ಎಂಬುದು ಕನ್ನಡದಲ್ಲಿ ಡಬ್ಬಕ್ಕಿಂತ ಬಹಳ ಹಳೆಯ ಮಾತು. ಬಡಿದು ತೆಳ್ಳಗೆ ಮಾಡಿದ ಯಾವುದೇ ಲೋಹದ ಹಾಳೆ ತಗಡೇ. ಯಂತ್ರ ಬರೆದು ತಾಯಿತದಲ್ಲಿ ಸೇರಿಸುವ ತಾಮ್ರದ ಹಾಳೆಯೂ ತಗಡೇ. ಹೀಗೆ ಮಂತ್ರ, ಯಂತ್ರಗಳ ಸಹವಾಸದಲ್ಲಿದ್ದ ಪದವು ಸೀಮೆಎಣ್ಣೆ ಡಬ್ಬ ಬಂದ ಮೇಲೆ ಅಂಗಳಕ್ಕೂ ಹಿತ್ತಿಲಿಗೂ ಇಳಿಯಿತು. ಇಂದು ತಗಡು ಎಂದರೆ ಹಗುರವಾದದ್ದು, ಬೆಲೆಯಿಲ್ಲದ್ದು ಎಂಬ ಅರ್ಥವೂ ಆಡುಮಾತಿನಲ್ಲಿ ಸೇರಿಕೊಂಡಿದೆ. ‘ಡಬ್ಬಾ’ ಎಂಬ ಮಾತಿಗೂ ಇದೇ ಗತಿಯಾಯಿತು. ಒಂದು ವಸ್ತು ಎಷ್ಟು ಸುಲಭವಾಗಿ ಎಲ್ಲರ ಕೈಗೂ ಸಿಕ್ಕಿತೆಂಬುದನ್ನು ಅದರ ಹೆಸರು ಬೈಗುಳವಾದ ಬಗೆಯಿಂದಲೂ ಅಳೆಯಬಹುದು.

‘ಸೀಮೆಎಣ್ಣೆ’ ಎಂಬ ಹೆಸರು ಮತ್ತೊಂದು ಸಾಕ್ಷ್ಯ. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸುಗಳಂತೆ ಇದು ಕೂಡ ಹೊರದೇಶದಿಂದ ಬಂದದ್ದೆಂದು ಜನ ಹೆಸರಿನಲ್ಲಿಯೇ ಗುರುತಿಟ್ಟರು. ಆದರೆ ಎಣ್ಣೆಯನ್ನು ಹೊತ್ತು ತಂದ ಡಬ್ಬಕ್ಕೆ ‘ಸೀಮೆಡಬ್ಬ’ ಎಂಬ ಹೆಸರು ರೂಢಿಯಾಗಲಿಲ್ಲ. ಎಣ್ಣೆ ಉರಿದು ಮುಗಿಯುವವರೆಗೂ ಪರದೇಶದ್ದಾಗಿಯೇ ಉಳಿಯಿತು. ಡಬ್ಬ ಮಾತ್ರ ಮನೆಯದಾಯಿತು.

‘ಕಲಾಯಿ’ ಅರಬ್ಬಿ ಮೂಲದ ಪದ. ತವರ ಲೋಹಕ್ಕೂ ಅದರ ಲೇಪನಕ್ಕೂ ಸಲ್ಲುವ ಹೆಸರು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಹಚ್ಚುವ ಕಸುಬು ನಮ್ಮಲ್ಲಿ ಮೊದಲೇ ಇತ್ತು. ಡಬ್ಬದ ತಗಡು ಎಂದರೆ ತೆಳುವಾದ ಉಕ್ಕಿನ ಹಾಳೆಗೆ ಎರಡೂ ಬದಿ ತವರ ಲೇಪಿಸಿದ್ದು, ಅಂದರೆ ಕಾರ್ಖಾನೆಯಲ್ಲಿಯೇ ಕಲಾಯಿ ಮಾಡಿದ್ದು. ಆದ್ದರಿಂದ ಡಬ್ಬ ಹೊಸದಾದರೂ ಅದನ್ನು ದುರಸ್ತಿ ಮಾಡುವ, ಬೆಸೆಯುವ ವಿದ್ಯೆ ನಮ್ಮ ಊರುಗಳಿಗೆ ಅಪರಿಚಿತವಾಗಿರಲಿಲ್ಲ.

ಡಬ್ಬ ಬಂದ ದಾರಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಸೀಮೆಎಣ್ಣೆ ಏಷ್ಯಾದ ಬಂದರುಗಳಿಗೆ ಬಂದದ್ದು ಡಬ್ಬಗಳಲ್ಲಿ. ಒಂದು ಮರದ ಪೆಟ್ಟಿಗೆಗೆ ಎರಡು ಚೌಕ ಡಬ್ಬಗಳು. ಮುಂದೆ ರಷ್ಯಾದ ಎಣ್ಣೆಯೂ ಸ್ಪರ್ಧೆಗೆ ಇಳಿಯಿತು. 1892ರಲ್ಲಿ ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್ ‘ಮ್ಯೂರೆಕ್ಸ್’ ಎಂಬ ಹಡಗಿನಲ್ಲಿ ಡಬ್ಬಗಳಿಲ್ಲದೆ, ತೊಟ್ಟಿಗಳಲ್ಲಿ ಎಣ್ಣೆ ತುಂಬಿ ಸೂಯೆಜ್ ಕಾಲುವೆಯ ಮೂಲಕ ಪೂರ್ವಕ್ಕೆ ಕಳುಹಿಸಿದನು. ಸಾಗಣೆಯ ವೆಚ್ಚ ಇಳಿಯಿತು. ಆದರೂ ಜನ ಆ ಎಣ್ಣೆಯನ್ನು ಅಷ್ಟಾಗಿ ಕೊಳ್ಳಲಿಲ್ಲ. ಅವರು ತಾವು ತಂದ ಪಾತ್ರೆಗೆ ಎಣ್ಣೆ ತುಂಬಿಸಿಕೊಳ್ಳುವರೆಂದು ವ್ಯಾಪಾರಿ ಭಾವಿಸಿದ್ದನು. ಅವರಿಗೆ ಬೇಕಾಗಿದ್ದುದು ಎಣ್ಣೆಯ ಜೊತೆಗೆ ಡಬ್ಬವೂ ಆಗಿತ್ತು. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ನೀಲಿ ಡಬ್ಬಗಳು ಪೂರ್ವದೇಶಗಳಲ್ಲಿ ಸೂರಿನ ತಗಡಾಗಿ, ಹಕ್ಕಿಯ ಪಂಜರವಾಗಿ, ಚಹಾ ಸೋಸುವ ಜರಡಿಯಾಗಿ ಬಳಕೆಯಾಗುತ್ತಿದ್ದವು. ಕೊನೆಗೆ ಸ್ಯಾಮ್ಯುಯೆಲ್ ಪೂರ್ವದ ಬಂದರುಗಳಲ್ಲಿಯೇ ಕೆಂಪು ಡಬ್ಬಗಳನ್ನು ಮಾಡಿಸಿ ಎಣ್ಣೆ ಮಾರಬೇಕಾಯಿತು. ಖಾಲಿ ಡಬ್ಬದಿಂದ ಏನೇನು ಮಾಡಬಹುದೆಂದು ತಿಳಿದಿದ್ದ ಬಡಜನರ ಕೈಕೆಲಸವು ಜಗತ್ತಿನ ದೊಡ್ಡ ಕಂಪನಿಗಳ ವ್ಯಾಪಾರಕ್ರಮವನ್ನೇ ತಿದ್ದಿದ ಅಪರೂಪದ ನಿದರ್ಶನ ಇದು.

ಭಾರತದಲ್ಲಿ ಡಬ್ಬದ ತಗಡಿನ ತಯಾರಿಕೆಯೂ ಸೀಮೆಎಣ್ಣೆಯ ಬೆನ್ನು ಹಿಡಿದೇ ಬಂದಿತು. ಬರ್ಮಾ ಆಯಿಲ್ ಕಂಪನಿ ಮತ್ತು ಟಾಟಾ ಉಕ್ಕಿನ ಕಂಪನಿ ಕೂಡಿ 1920ರಲ್ಲಿ ಸ್ಥಾಪಿಸಿದ ಟಿನ್‌ಪ್ಲೇಟ್ ಕಂಪನಿಯು ಜಮ್‌ಷೆಡ್‌ಪುರದ ಗೋಲ್ಮುರಿಯಲ್ಲಿ 1922ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಎಣ್ಣೆ ಕಂಪನಿಯು ತಗಡಿನ ಕಾರ್ಖಾನೆಯಲ್ಲಿ ಬಂಡವಾಳ ಹೂಡಿತೆಂದರೆ ಡಬ್ಬಕ್ಕಿದ್ದ ಬೇಡಿಕೆ ಎಷ್ಟೆಂಬುದು ತಿಳಿಯುತ್ತದೆ.

ಹೊಳಲ್ಕೆರೆ ಸೀಮೆಗೆ ಈ ಸರಕು ಬರಲು ರೈಲು ಅನುಕೂಲವಾಗಿತ್ತು. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಚಿಕ್ಕಜಾಜೂರು ಇದೇ ತಾಲ್ಲೂಕಿನಲ್ಲಿದೆ. ಅಲ್ಲಿಂದ ಚಿತ್ರದುರ್ಗಕ್ಕೆ ಕವಲು ದಾರಿ ಹೋಗುತ್ತದೆ. ನಿಲ್ದಾಣದಿಂದ ಊರಂಗಡಿಗೆ, ಅಂಗಡಿಯಿಂದ ಸಂತೆಗೆ ಎತ್ತಿನ ಗಾಡಿ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತಾದರೂ ಸಂಸ್ಥಾನದ ಹಳ್ಳಿಗಳು ಅನಂತರವೂ ಹಲವು ದಶಕಗಳ ಕಾಲ ಸೀಮೆಎಣ್ಣೆಯ ಬೆಳಕಿನಲ್ಲಿಯೇ ಇದ್ದವು. ಬಡ ಕುಟುಂಬಗಳಿಗೆ ಒಂದು ದೀಪದ ಸಂಪರ್ಕ ಕೊಡುವ ಭಾಗ್ಯಜ್ಯೋತಿ ಯೋಜನೆ ಆರಂಭವಾದದ್ದು 1979–80ರಲ್ಲಿ. ಈ ನಡುವಣ ಕಾಲವೇ ಡಬ್ಬದ ತಗಡಿನ ಕೆಲಸ ಹುಲುಸಾಗಿ ನಡೆದ ಕಾಲವೆನ್ನಬಹುದು.

ಸೀಮೆಎಣ್ಣೆಯ ಜೊತೆಗೆ ಬೇರೆ ಡಬ್ಬಗಳೂ ಸೇರಿಕೊಂಡವು. 1937ರಲ್ಲಿ ಬಂದ ಡಾಲ್ಡಾದ ಹಳದಿ ಡಬ್ಬ, ಹಾಲಿನ ಪುಡಿಯ ದುಂಡು ಡಬ್ಬ, ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ, ನಶ್ಯದ ಡಬ್ಬಿ, ಬಣ್ಣದ ಡಬ್ಬ ಎಲ್ಲವೂ ಕಚ್ಚಾವಸ್ತುಗಳಾದವು. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಇದೇ ಜಿಲ್ಲೆಯಲ್ಲಿದೆ. ಖಾದ್ಯ ತೈಲವನ್ನು 15 ಕಿಲೋ ಹಿಡಿಯುವ ಡಬ್ಬಗಳಲ್ಲಿ ಮಾರುವ ಕ್ರಮದಿಂದಾಗಿ, ಸೀಮೆಎಣ್ಣೆ ಡಬ್ಬದ ಬರವು ಕಡಿಮೆಯಾದ ಮೇಲೂ ಚೌಕ ಡಬ್ಬಕ್ಕೆ ಕೊರತೆಯಾಗಲಿಲ್ಲ.

ಕೆಲಸದ ಕ್ರಮ

ಚೌಕವಾದ ಸೀಮೆಎಣ್ಣೆ ಡಬ್ಬವು ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುತ್ತದೆ. ಅದರ ತಳ ಸುಮಾರು 24 ಸೆಂಟಿಮೀಟರ್ ಚೌಕ. ಎತ್ತರ ಸುಮಾರು 35 ಸೆಂಟಿಮೀಟರ್. ತಳ ಮತ್ತು ಮೇಲ್ಮುಚ್ಚಳಗಳನ್ನು ಕತ್ತರಿಸಿ ಒಂದು ಬದಿಯ ಹೊಲಿಗೆಯನ್ನು ಬಿಡಿಸಿದರೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಹಾಳೆ ದೊರೆಯುತ್ತದೆ. ಇದರ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಕೈಗತ್ತರಿಯಿಂದ ಕತ್ತರಿಸಲು, ಕುಲುಮೆಯಿಲ್ಲದೆ ಮಡಿಚಲು ಇದು ಹೇಳಿ ಮಾಡಿಸಿದಂತಿದೆ. ಕಬ್ಬಿಣವನ್ನು ಕಾಯಿಸಿ ಬಡಿಯಬೇಕು; ಹಿತ್ತಾಳೆಯನ್ನು ಎರಕ ಹೊಯ್ಯಬೇಕು. ಡಬ್ಬದ ತಗಡು ಇವೆರಡನ್ನೂ ಬೇಡುವುದಿಲ್ಲ. ಈ ಕೆಲಸ ಅಷ್ಟು ಬೇಗ ಹರಡಲು ಇದೇ ಮುಖ್ಯ ಕಾರಣ.

ಸಲಕರಣೆಗಳು ಸರಳವಾದವು: ತಗಡು ಕತ್ತರಿ, ಮರದ ಕೊಡತಿ, ಸಣ್ಣ ಸುತ್ತಿಗೆ, ಉಳಿ, ಮೊಳೆ, ಕೈವಾರ, ಮಡಿಚಲು ಆಸರೆಯಾಗಿ ಒಂದು ಕಬ್ಬಿಣದ ಪಟ್ಟಿ, ಬೆಸುಗೆಗೆ ತಾಮ್ರದ ತಲೆಯ ಸಲಾಕೆ ಮತ್ತು ಇದ್ದಲಿನ ಒಲೆ. ಬೆಸುಗೆಯ ಲೋಹ ತವರ ಮತ್ತು ಸೀಸಗಳ ಮಿಶ್ರಣ. ತವರ ಒಂದೇ ಆದರೆ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸವನ್ನು ಹದವಾಗಿ ಬೆರೆಸಿದಾಗ 183 ಡಿಗ್ರಿಗೇ ಕರಗುತ್ತದೆ. ಕಾಯಿಸಿದ ಸಲಾಕೆಯನ್ನು ನವಸಾಗರದ ಉಂಡೆಗೆ ಉಜ್ಜಿದಾಗ ಬಿಳಿ ಹೊಗೆ ಏಳುತ್ತದೆ, ಸಲಾಕೆಯ ಮೈ ಶುದ್ಧವಾಗುತ್ತದೆ, ಬೆಸುಗೆ ಅದಕ್ಕೆ ಅಂಟಿ ಬರುತ್ತದೆ. ಡಬ್ಬದ ತಗಡಿಗೆ ತವರದ ಲೇಪ ಮೊದಲೇ ಇರುವುದರಿಂದ ಬೆಸುಗೆ ಸಲೀಸಾಗಿ ಹರಿದು ಕೂರುತ್ತದೆ.

ಇಡೀ ಕೆಲಸದ ಜಾಣ್ಮೆ ಇರುವುದು ಅಂಚಿನಲ್ಲಿ. ಕತ್ತರಿಸಿದ ತಗಡಿನ ಅಂಚು ಕೈ ಕೊಯ್ಯುತ್ತದೆ; ಅಲ್ಲದೆ ಲೇಪ ಹರಿದು ಉಕ್ಕು ಹೊರಗೆ ಕಾಣುವ ಜಾಗವೂ ಅದೇ. ಸತುವಿನ ಲೇಪವು ಗೀರುಬಿದ್ದ ಕಡೆಯಲ್ಲಿಯೂ ಕಬ್ಬಿಣವನ್ನು ಕಾಯುತ್ತದೆ. ತವರದ ಲೇಪ ಹಾಗಲ್ಲ, ಅದು ಒಡೆದ ಕಡೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಆದ್ದರಿಂದ ಅನುಭವಿಯಾದ ಕೆಲಸಗಾರ ಅಂಚನ್ನು ಒಮ್ಮೆ ಮಡಿಚಿ ಬಡಿಯುತ್ತಾನೆ, ಬೇಕಾದರೆ ಒಳಗೆ ತಂತಿಯಿಟ್ಟು ಸುತ್ತುತ್ತಾನೆ. ಎರಡು ಹಾಳೆಗಳನ್ನು ಕೂಡಿಸುವಾಗ ಒಂದರ ಕೊಕ್ಕೆಯಲ್ಲಿ ಇನ್ನೊಂದರ ಕೊಕ್ಕೆಯನ್ನು ಸಿಕ್ಕಿಸಿ ಬಡಿದು, ಆ ಮೇಲೆ ಬೆಸೆಯುತ್ತಾನೆ. ಮಡಿಕೆಯ ನೇರದಿಂದಲೂ ಬೆಸುಗೆಯ ತೆಳುವಿನಿಂದಲೂ ಕೈಯ ಪಳಗನ್ನು ತಿಳಿಯಬಹುದು. ಕುಂಬಾರಿಕೆಗೂ ನೇಯ್ಗೆಗೂ ಒಳ್ಳೆಯದು ಕೆಟ್ಟದ್ದು ಎಂಬ ಅಳತೆಗೋಲು ಇರುವಂತೆ ತಗಡಿನ ಕೆಲಸಕ್ಕೂ ಇದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಕುಲವಿಲ್ಲದ ಕಸುಬು

ಕರಕುಶಲ ಕಸುಬುಗಳನ್ನು ಕುಲಗಳೊಡನೆ ಜೋಡಿಸುವುದು ನಮ್ಮ ಸಮಾಜದ ರೂಢಿ. ಪಾಂಚಾಳರ ಐದು ಕಸುಬುಗಳಲ್ಲಿ ಕಬ್ಬಿಣ, ಮರ, ಕಂಚು ಮತ್ತು ತಾಮ್ರ, ಕಲ್ಲು, ಚಿನ್ನ ಬರುತ್ತವೆ. ಡಬ್ಬದ ತಗಡಿಗೆ ಅಲ್ಲಿ ಹೆಸರಿಲ್ಲ. ತಡವಾಗಿ ಬಂದ ಈ ವಸ್ತುವಿಗೆ ಕುಲದೇವತೆಯಿಲ್ಲ, ಮೂಲಪುರುಷನ ಕಥೆಯಿಲ್ಲ, ಆಯದ ಹಕ್ಕೂ ಇಲ್ಲ. ಬಡಗಿ, ಕಮ್ಮಾರರಿಗೆ ಸುಗ್ಗಿಯಲ್ಲಿ ಧಾನ್ಯ ಸಲ್ಲುತ್ತಿದ್ದಂತೆ ತಗಡಿನ ಕೆಲಸದವರಿಗೆ ಕಣದಲ್ಲಿ ಪಾಲಿರಲಿಲ್ಲ. ಅವರದು ಮೊದಲಿನಿಂದಲೂ ಕಾಸಿನ ವ್ಯವಹಾರ.

ಈ ಕೆಲಸವನ್ನು ಕೈಗೆತ್ತಿಕೊಂಡವರಲ್ಲಿ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮುಸ್ಲಿಂ ಕಸುಬುದಾರರು ಮುಖ್ಯರು. ಜನ ಅವರನ್ನು ಪ್ರೀತಿಯಿಂದ ಕಲಾಯಿ ಸಾಬರೆಂದು ಕರೆದರು. ಅವರ ಬಳಿ ತವರ, ನವಸಾಗರ, ತಿದಿ, ಇದ್ದಲು ಮೊದಲೇ ಇದ್ದವು. ಮರದ ನೆರಳಿನಲ್ಲಿ ಗುಂಡಿ ತೋಡಿ ತಿದಿ ಹೂಡಿದರೆ ಪಾತ್ರೆಯ ಕಲಾಯಿಯ ಜೊತೆಗೆ ಒಡೆದ ಡಬ್ಬದ ಬೆಸುಗೆಯೂ ಆಗುತ್ತಿತ್ತು. ಸಂತೆಪೇಟೆಗಳಲ್ಲಿ ಟ್ರಂಕು, ಬಕೆಟ್ಟುಗಳನ್ನು ದುರಸ್ತಿ ಮಾಡುವವರು ಎರಡನೆಯ ವರ್ಗ. ಮೂರನೆಯವರು ಯಾವ ಕಸುಬಿಗೂ ಸೇರದ ಮನೆಮಂದಿ: ಬಿಡುವಿನ ವೇಳೆಯಲ್ಲಿ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಜರಡಿ ಮಾಡಿಕೊಳ್ಳುವ ರೈತ, ಮುಚ್ಚಳದಿಂದ ಗಾಲಿ ಮಾಡುವ ಹುಡುಗ, ಸೋರುವ ಡಬ್ಬದಲ್ಲಿ ಮಣ್ಣು ತುಂಬಿ ತುಳಸಿ ನೆಡುವ ಗೃಹಿಣಿ. ಕುಲದ ಬೇಲಿಯಿಲ್ಲದ ಕಾರಣ ಈ ಕೆಲಸ ಯಾರಿಗೂ ಮುಚ್ಚಿದ ಬಾಗಿಲಾಗಲಿಲ್ಲ. ಇದನ್ನು ಹೇಳಿಕೊಳ್ಳಲು ಒಂದು ಸಮುದಾಯವಿಲ್ಲದ ಕಾರಣದಿಂದಲೇ ಇದರ ಚರಿತ್ರೆ ಬರೆಯುವವರೂ ಇಲ್ಲವಾದರು.

ಮಾಡಿದ ವಸ್ತುಗಳು

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಬುಡ್ಡಿ. ಸಣ್ಣ ಡಬ್ಬಿಯ ಮುಚ್ಚಳದ ನಡುವೆ ತೂತು. ಅದರಲ್ಲಿ ಮೊಳೆಗೆ ಸುತ್ತಿ ಮಾಡಿದ ತಗಡಿನ ನಳಿಗೆ. ನಳಿಗೆಯಲ್ಲಿ ಹಳೆಯ ಬಟ್ಟೆಯ ಬತ್ತಿ. ಎಣ್ಣೆ ಏರಿದಷ್ಟೂ ಗಾಳಿ ಒಳಹೋಗಲು ಸೂಜಿಮೊನೆಯಷ್ಟು ರಂಧ್ರ. ಹಿಡಿಯಲು ಬಳೆಯಂತೆ ಬಾಗಿಸಿದ ಪಟ್ಟಿ. ಗೋಡೆಗೆ ತೂಗುಹಾಕಲು ಬೆನ್ನಿಗೊಂದು ತೂತಿನ ತಗಡು. ಬೆನ್ನಿನ ಈ ತಗಡು ಹೊಳಪಾಗಿದ್ದರೆ ಬೆಳಕನ್ನು ಮುಂದಕ್ಕೆ ತಳ್ಳುತ್ತದೆ. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟು ಯೋಚನೆಗಳು ಕೂಡಿವೆ.

ಅಡುಗೆಮನೆಯಲ್ಲಿ ಲಾಳಿಕೆ, ತುರಿಯುವ ತಗಡು, ಜರಡಿ, ತಗಡಿನ ಮೊರ, ಚಕ್ಕುಲಿ ಒರಳಿನ ಬಿಲ್ಲೆ, ಮರದ ಹೊಟ್ಟು ತುಂಬಿ ಉರಿಸುವ ಒಲೆ ಕಾಣುತ್ತವೆ. ಸೇರು, ಪಾವು, ಚಟಾಕುಗಳ ಕಾಲದಲ್ಲಿ ಮನೆಬಳಕೆಯ ಅಳತೆಗಳೂ ಡಬ್ಬಿಗಳಿಂದಲೇ ಆದವು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಅನಂತರ ಮೆಟ್ರಿಕ್ ಪದ್ಧತಿ ಬಂದರೂ ಹಾಲಿನ ಪುಡಿಯ ಡಬ್ಬಿ ಅಕ್ಕಿ ಅಳೆಯುವ ಮಾನವಾಗಿ ಅನೇಕ ಮನೆಗಳಲ್ಲಿ ಉಳಿಯಿತು.

ಹೊಳಲ್ಕೆರೆ, ಹೊಸದುರ್ಗಗಳ ತೋಟದ ಬದುಕಿನಲ್ಲಿ ತಗಡಿಗೆ ಬೇರೆ ಕೆಲಸವಿದೆ. ತೆಂಗಿನ ಕಾಂಡಕ್ಕೆ ಸುತ್ತಿದ ತಗಡಿನ ಪಟ್ಟಿ ಇಲಿಯನ್ನು ಮೇಲೆ ಹತ್ತಗೊಡುವುದಿಲ್ಲ. ಉಗುರು ಊರಲು ಅದಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. ತೆನೆಗಟ್ಟಿದ ಜೋಳದ ಹೊಲದಲ್ಲಿ ಗಳುವಿಗೆ ಕಟ್ಟಿದ ಡಬ್ಬ, ಅದರೊಳಗೆ ತೂಗುವ ಕಲ್ಲು, ಅಟ್ಟಣೆಯಿಂದ ಎಳೆಯುವ ಹಗ್ಗ ಸೇರಿ ಹಕ್ಕಿ ಓಡಿಸುವ ಸಾಧನವಾಗುತ್ತದೆ. ಖಾಲಿ ಡಬ್ಬದ ಸದ್ದು ಹೆಚ್ಚು ಎಂಬ ಮೂದಲಿಕೆಯ ಮಾತಿನಲ್ಲಿರುವ ದೋಷವೇ ಹೊಲದಲ್ಲಿ ಗುಣವಾಯಿತು.

ಆಟಿಕೆಗಳದು ಮತ್ತೊಂದು ಲೋಕ. ಗಿಲಕಿ, ತುತ್ತೂರಿ, ಒತ್ತಿದರೆ ಟಿಕ್ ಎನ್ನುವ ಕಪ್ಪೆ, ಬತ್ತಿಯ ಉರಿಗೆ ಪಟಪಟನೆ ಓಡುವ ದೋಣಿ ಇವು ಜಾತ್ರೆಯ ಸರಕುಗಳು. ಇಂತಹ ಅಗ್ಗದ ಆಟಿಕೆಗಳ ಒಳಮೈಯನ್ನು ನೋಡಿದರೆ ಹಿಂದಿನ ಜನ್ಮದ ಅಕ್ಷರಗಳು, ಬಣ್ಣಗಳು ಇನ್ನೂ ಕಾಣುವುದುಂಟು. ಜಿ. ಪಿ. ರಾಜರತ್ನಂ ಅವರ ಪ್ರಸಿದ್ಧ ಶಿಶುಗೀತೆಯೊಂದರ ವಸ್ತು ಕಾಸಿಗೆ ಕೊಂಡ ತಗಡಿನ ತುತ್ತೂರಿಯೇ ಆಗಿದೆ. ಜಂಬದ ಹುಡುಗನ ತುತ್ತೂರಿ ನೀರುಪಾಲಾಗಿ ದನಿ ಕಳೆದುಕೊಳ್ಳುವ ಆ ಕಥೆ ಕನ್ನಡದ ತಲೆಮಾರುಗಳಿಗೆ ಬಾಯಿಪಾಠ. ಕನ್ನಡ ಶಿಶುಸಾಹಿತ್ಯವು ತಗಡಿಗೆ ಕೊಟ್ಟ ಸ್ಥಳವನ್ನು ನಮ್ಮ ವಸ್ತುಸಂಸ್ಕೃತಿಯ ಅಧ್ಯಯನ ಇನ್ನೂ ಕೊಡಬೇಕಾಗಿದೆ.

ದೇವರ ಕೋಣೆಯ ಹೊರಗೆ

ತಗಡಿನ ವಸ್ತು ಮನೆಯಲ್ಲಿ ಎಲ್ಲಿಯವರೆಗೆ ಹೋಯಿತು ಎಂಬುದೂ ವಿಚಾರಣೀಯ. ಅದು ಅಡುಗೆಮನೆಗೆ, ಕೊಟ್ಟಿಗೆಗೆ, ಜಗುಲಿಗೆ, ಹೊಲಕ್ಕೆ ಹೋಯಿತು. ದೇವರ ಕೋಣೆಗೆ ಹೋಗಲಿಲ್ಲ. ಅಲ್ಲಿ ಹಣತೆಯೋ ಹಿತ್ತಾಳೆಯ ದೀಪವೋ ಉರಿಯಿತು. ಸೀಮೆಎಣ್ಣೆಯ ವಾಸನೆ, ಹೊಗೆ, ಮಡಿಯ ಕಲ್ಪನೆ ಮೂರೂ ಬುಡ್ಡಿಯನ್ನು ಹೊಸ್ತಿಲಾಚೆ ನಿಲ್ಲಿಸಿದವು. ಇದಕ್ಕೆ ಒಂದು ವಿನಾಯಿತಿಯೆಂದರೆ ಕಾಣಿಕೆ ಡಬ್ಬಿ. ಹರಕೆಯ ಹಣ ಹಾಕಲು ಬಾಯಿ ಸೀಳಿ, ಮುಚ್ಚಳ ಭದ್ರಪಡಿಸಿದ ಡಬ್ಬಿಗೆ ಅರಿಸಿನ ಕುಂಕುಮ ಹಚ್ಚಿ ದೇವರ ಬಳಿ ಇಡುವುದು ವಾಡಿಕೆ. ಅದರಲ್ಲಿ ಎಣ್ಣೆಯಿಲ್ಲ, ಆದುದರಿಂದ ತಡೆಯೂ ಇಲ್ಲ. ಜನರು ದೂರವಿಟ್ಟದ್ದು ತಗಡನ್ನಲ್ಲ, ಸೀಮೆಎಣ್ಣೆಯನ್ನು ಎಂದು ಇದರಿಂದ ಊಹಿಸಬಹುದು.

ಬೇರೆಡೆಯ ಒಂದು ನಿದರ್ಶನ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ ಪ್ರದೇಶಕ್ಕೆ 1846ರ ಅನಂತರ ಸೇನೆ ಮತ್ತು ವ್ಯಾಪಾರಿಗಳ ಮೂಲಕ ಆಹಾರ, ಎಣ್ಣೆಗಳ ಡಬ್ಬಗಳು ಬಂದವು. ಅಲ್ಲಿನ ಸ್ಪ್ಯಾನಿಷ್ ಮೂಲದ ಕುಶಲಿಗಳು ಅವನ್ನು ಕತ್ತರಿಸಿ, ಮೊನೆಯಿಂದ ಚುಚ್ಚಿ ಚಿತ್ತಾರ ಮೂಡಿಸಿ, ಸಂತರ ಚಿತ್ರಗಳಿಗೆ ಚೌಕಟ್ಟುಗಳನ್ನೂ ಗೂಡುಗಳನ್ನೂ ಮಾಡಿದರು. ಬಡವರ ಬೆಳ್ಳಿಯಾಗಿ ತಗಡು ಪೂಜಾಸ್ಥಾನವನ್ನೇ ಸೇರಿತು. ಪೂಜೆಯ ವಸ್ತುವಾದ್ದರಿಂದ ಅವುಗಳನ್ನು ಜನ ಜೋಪಾನ ಮಾಡಿದರು. ಮುಂದೆ ವಸ್ತುಸಂಗ್ರಹಾಲಯಗಳೂ ಸಂಗ್ರಹಿಸಿದವು. ಅದೇ ಪ್ರದೇಶದ ಸಾಂಟಾ ಫೆಯ ಅಂತರರಾಷ್ಟ್ರೀಯ ಜನಪದ ಕಲಾ ವಸ್ತುಸಂಗ್ರಹಾಲಯವು 1996ರಲ್ಲಿ ಜಗತ್ತಿನ ಹಲವು ದೇಶಗಳ ಮರುಬಳಕೆಯ ಜನಪದ ಕಲೆಯನ್ನು ಕುರಿತು ದೊಡ್ಡ ಪ್ರದರ್ಶನವನ್ನೇ ನಡೆಸಿತು. ನಮ್ಮ ಬುಡ್ಡಿ ಕೊಟ್ಟಿಗೆಯಲ್ಲಿ ಉರಿದು, ತುಕ್ಕು ಹಿಡಿದು ತಿಪ್ಪೆ ಸೇರಿತು. ಎರಡೂ ಕಡೆ ವಿದ್ಯೆ ಒಂದೇ. ಉಳಿಯುವಿಕೆಯನ್ನು ನಿರ್ಧರಿಸಿದ್ದು ವಸ್ತುವಿಗೆ ದೊರೆತ ಸ್ಥಾನ.

ಇಳಿಗಾಲ ಮತ್ತು ಉಳಿದಿರುವ ಕೆಲಸ

ವಿದ್ಯುತ್ತು, ಪ್ಲಾಸ್ಟಿಕ್ಕು, ಸ್ಟೀಲು ಈ ಮೂರೂ ಸೇರಿ ತಗಡಿನ ಕೆಲಸವನ್ನು ಹಿಂದೆ ಸರಿಸಿದವು. ಇದನ್ನು ಬರಿಯ ನಷ್ಟವೆಂದು ಶೋಕಿಸುವುದು ಸರಿಯಲ್ಲ. ಉರುಳಿಬಿದ್ದ ಬುಡ್ಡಿಯಿಂದ ಮನೆ ಸುಟ್ಟದ್ದು, ಮಕ್ಕಳೂ ಹೆಂಗಸರೂ ಬೆಂದದ್ದು ಈ ವಸ್ತುವಿನ ಚರಿತ್ರೆಯ ಭಾಗವೇ. ಶ್ರೀಲಂಕಾದ ಶಸ್ತ್ರವೈದ್ಯ ವಿಜಯ ಗೋಡಕುಂಬುರ ಅವರು ಇಂತಹ ಸುಟ್ಟಗಾಯಗಳಿಗೆ ಚಿಕಿತ್ಸೆ ಮಾಡಿ ಮಾಡಿ, ಉರುಳದ ಕುಳ್ಳ ಗಾಜಿನ ದೀಪವನ್ನು ರೂಪಿಸಿ ಹಂಚಿದರು. ಅದಕ್ಕಾಗಿ 1998ರಲ್ಲಿ ರೋಲೆಕ್ಸ್ ಪ್ರಶಸ್ತಿಗೆ ಪಾತ್ರರಾದರು. ಸೀಸ ಬೆರೆತ ಬೆಸುಗೆಯ ಪಾತ್ರೆಯಲ್ಲಿ ಆಹಾರವಿಡುವುದು ಆರೋಗ್ಯಕ್ಕೆ ಹಾನಿಕರವೆಂಬುದೂ ಈಗ ತಿಳಿದ ವಿಚಾರ. ಒಮ್ಮೆ ಬಳಸಿದ ಡಬ್ಬದಲ್ಲಿ ಮತ್ತೆ ಖಾದ್ಯ ತೈಲ ತುಂಬಿ ಮಾರುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಹಾಗಾಗಿ ಎಣ್ಣೆಯ ಡಬ್ಬಕ್ಕೆ ಇಂದು ಉಳಿದಿರುವುದು ಗುಜರಿ ಅಂಗಡಿಯ ದಾರಿ, ಇಲ್ಲವೇ ಯಾರಾದರೂ ಕತ್ತರಿ ಹಿಡಿದರೆ ಎರಡನೆಯ ಬದುಕು.

ಇತ್ತೀಚೆಗೆ ನಗರಗಳ ಕರಕುಶಲ ಮಳಿಗೆಗಳಲ್ಲಿ, ಶಾಲೆಗಳ ಕಸದಿಂದ ರಸ ಎಂಬ ಚಟುವಟಿಕೆಗಳಲ್ಲಿ ಡಬ್ಬ ಮತ್ತೆ ಕಾಣಿಸಿಕೊಳ್ಳುತ್ತಿದೆ. ಬಣ್ಣ ಬಳಿದ ಹೂಕುಂಡ, ತೂತಿನ ಚಿತ್ತಾರದ ದೀಪದ ಗೂಡು ಸ್ವಾಗತಾರ್ಹವೇ. ಆದರೆ ಇದೊಂದು ಹೊಸ ಪಾಠವೆಂಬಂತೆ ಮಕ್ಕಳಿಗೆ ಕಲಿಸುವಾಗ, ಅವರ ಅಜ್ಜಂದಿರಿಗೆ ಇದು ನಿತ್ಯದ ಕೆಲಸವಾಗಿತ್ತೆಂಬುದನ್ನೂ ಹೇಳಬೇಕು. ಅಲಂಕಾರಕ್ಕಾಗಿ ಮಾಡುವ ವಸ್ತು ಕಲೆಯೆನಿಸಿ, ಅಗತ್ಯಕ್ಕಾಗಿ ಮಾಡಿದ ವಸ್ತು ಕಸವೆನಿಸುವುದು ನ್ಯಾಯವಲ್ಲ.

ಹೊಳಲ್ಕೆರೆ ಸೀಮೆಯಲ್ಲಿ ತುರ್ತಾಗಿ ಆಗಬೇಕಾದ ಕೆಲಸಗಳು ಮೂರು. ಮೊದಲನೆಯದು, ಅಟ್ಟ, ಕೊಟ್ಟಿಗೆ, ಗುಜರಿಗಳಲ್ಲಿ ಉಳಿದಿರುವ ತಗಡಿನ ವಸ್ತುಗಳನ್ನು ಊರು, ಬಳಕೆ, ಮೂಲ ಡಬ್ಬದ ಗುರುತುಗಳೊಡನೆ ದಾಖಲಿಸಿ ಸಂಗ್ರಹಿಸುವುದು; ಇವು ತುಕ್ಕು ತಿನ್ನುವ ವಸ್ತುಗಳಾದ್ದರಿಂದ ಕಾಯುವಷ್ಟು ವ್ಯವಧಾನವಿಲ್ಲ. ಎರಡನೆಯದು, ಕಲಾಯಿ ಮತ್ತು ತಗಡಿನ ಕೆಲಸದಲ್ಲಿ ಪಳಗಿದ ಹಿರಿಯರಿಂದ ಸಲಕರಣೆಗಳ ಹೆಸರು, ಮಡಿಕೆಗಳ ಹೆಸರು, ಬೆಸುಗೆಯ ಹದ ಇವುಗಳನ್ನು ಅವರ ಮಾತಿನಲ್ಲಿಯೇ ಧ್ವನಿ ಮತ್ತು ದೃಶ್ಯಗಳಲ್ಲಿ ಸೆರೆಹಿಡಿಯುವುದು. ಮೂರನೆಯದು, ನಮ್ಮ ಜಾನಪದ ವಸ್ತುಸಂಗ್ರಹಾಲಯಗಳಲ್ಲಿ ಹಿತ್ತಾಳೆಯ ದೀಪದ ಪಕ್ಕದಲ್ಲಿಯೇ ತಗಡಿನ ಬುಡ್ಡಿಗೂ ಸ್ಥಳ ಕೊಡುವುದು.

ಜನಪದವೆಂದರೆ ಹಳೆಯದನ್ನು ಹಾಗೆಯೇ ಉಳಿಸಿಕೊಂಡದ್ದು ಮಾತ್ರವಲ್ಲ; ಹೊರಗಿನಿಂದ ಬಂದದ್ದನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಕತ್ತರಿಸಿ, ಮಡಿಚಿ, ಬೆಸೆದುಕೊಂಡದ್ದು ಕೂಡ. ಪರದೇಶದ ಕಂಪನಿ ಎಣ್ಣೆ ಮಾರಲು ಕಳುಹಿಸಿದ ಡಬ್ಬದಲ್ಲಿ ನಮ್ಮ ಹಳ್ಳಿಯ ಕೈಗಳು ದೀಪವನ್ನೂ ಅಳತೆಯನ್ನೂ ಆಟಿಕೆಯನ್ನೂ ಕಂಡವು. ಆ ಕೈಗಳ ಹೆಸರು ಯಾವ ಡಬ್ಬದ ಮೇಲೂ ಅಚ್ಚಾಗಲಿಲ್ಲ. ಅವು ಮಾಡಿದ ವಸ್ತುಗಳನ್ನಾದರೂ ಉಳಿಸಿಕೊಳ್ಳುವುದು ಜಾನಪದ ವಿದ್ವಾಂಸರ ಹೊಣೆ.